ವಿಷಯ: 'ಹೃದಯ ವೈಫಲ್ಯ'ಕ್ಕೆ ಬೇರೆ ಪದ ಬೇಕು (ತುರ್ತು)

ಬಸವನಗುಡಿಯಿಂದ:
ಇಲ್ಲಿನ ಕ್ಲಿನಿಕ್ಕೊಂದರ ಗೋಡೆಗೆ ಭಿತ್ತಿಪತ್ರ ಮಾಡಿಕೊಡುತ್ತಿದ್ದೇನೆ. ಸಂಜೆ ಆರಕ್ಕೆ ಪ್ರೆಸ್ಸಿಗೆ ಹೋಗಬೇಕು. ಹಾರ್ಟ್ ಫೇಲ್ಯೂರ್, ಏಟ್ರಿಯಲ್ ಫಿಬ್ರಿಲೇಷನ್, ಒಂದಿದ್ದರೆ ಇನ್ನೊಂದು ಬರುವ ಸಂಭವ ಹೆಚ್ಚು ಅನ್ನುವುದು ವಿಷಯ. 'ಹೃದಯ ವೈಫಲ್ಯ', 'ಅನಿಯಮಿತ ಹೃದಯ ಲಯ' ಎಂದು ಹಾಕಿದ್ದೆ. ವೈಫಲ್ಯ ಅಂದರೆ ಹೃದಯ ನಿಂತೇ ಹೋಯಿತು ಅಂದುಕೊಳ್ಳುತ್ತಾರೆ, ಆಗಿರುವುದು ರಕ್ತ ದೂಡುವ ಶಕ್ತಿ ಸಾಲದಿರುವುದು ಅಂತ ಡಾಕ್ಟರ ತಕರಾರು.

ಮಲ್ಲೇಶ್ವರದಿಂದ:
ವೈಫಲ್ಯ ಇರಲಿ, ಲಯ ತೆಗೆಯಿರಿ. ಸೃಷ್ಟಿ, ಸ್ಥಿತಿ, ಲಯ ಬಲ್ಲವನಿಗೆ 'ಹೃದಯ ಲಯ' ಅಂದರೆ ಕಥೆ ಮುಗಿದಂತೆ. 'ಹೃತ್ಕರ್ಣ ಕಂಪನ' ಅನ್ನಿ. ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಹಿಂಡದೆ ನಿಮಿಷಕ್ಕೆ 300ಕ್ಕೂ ಮೀರಿ ಅದುರುತ್ತವೆ. ಅದು ಕಂಪನವೇ.

ವಿಜಯನಗರದಿಂದ:
ಹ್ರುತ್ಕರ್ಣ ಯಾರ ಬಾಯಲ್ಲಿದೆ ಸ್ವಾಮಿ? ಗುಂಡಿಗೆ ಅನ್ನಿ. ತೆಲುಗಿನ ಗುಂಡೆ ಇದರ ಒಡಹುಟ್ಟು. 'ಗುಂಡಿಗೆ ಸೋಲು', 'ಮಿಡಿತದ ಏರುಪೇರು'. ಸಂಸ್ಕ್ರುತದ ಬಾರ ಇಳಿಸಿ.

ಮಲ್ಲೇಶ್ವರದಿಂದ:
ನಿಮ್ಮ ಬರಹದಲ್ಲಿ ಮಹಾಪ್ರಾಣ ಹೋಗಿ ಬಹಳ ಕಾಲವಾಯಿತು, ರೋಗಿಯ ಪ್ರಾಣವಾದರೂ ಇರಲಿ. ಗುಂಡಿಗೆ ಧೈರ್ಯದ ಮಾತು. 'ನಿನಗೆ ಗುಂಡಿಗೆ ಇದೆಯಾ' ಅನ್ನುವವನು ಹೃದಯದ ಎಕೋ ಸ್ಕ್ಯಾನ್ ಮಾಡಿಸು ಅಂತ ಹೇಳುತ್ತಿಲ್ಲ.

ಬನ್ನೇರುಘಟ್ಟ ರಸ್ತೆಯಿಂದ:
ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಒಂದು ಗಳಿಗೆ ನಿಂತು ಕೇಳಿ. 'ಹಾರ್ಟು ವೀಕು', 'ಪಂಪಿಂಗ್ 30 ಅಂತೆ'. ಎಡಗಡೆ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಬಡಿತಕ್ಕೆ ಶೇಕಡ ಎಷ್ಟು ಆಚೆ ದೂಡುತ್ತದೆ ಅನ್ನುವ ಲೆಕ್ಕ ಅದು. ಆದರೆ ಗೋಡೆ ಗಡಸಾಗಿ ತುಂಬಿಕೊಳ್ಳಲಾರದ ಹೃದಯದಲ್ಲಿ ಈ ಅಂಕಿ ಸರಿಯಾಗಿಯೇ ಇರಬಹುದು, ಹಾಗಾಗಿ 'ಪಂಪಿಂಗ್ ಕಮ್ಮಿ' ತಲೆಬರಹಕ್ಕೆ ಆಗದು. 'ಹೃದಯ ದುರ್ಬಲವಾಗುವುದು' ಹಾಕಿ, ನಂಟನ್ನು ಬಿಡಿಸಿ ಬರೆಯಿರಿ: ರಕ್ತ ಮುಂದೆ ಸಾಗದೆ ಒತ್ತಡ ಹಿಂದಕ್ಕೆ ಬಿದ್ದು ಮೇಲಿನ ಕೋಣೆ ಹಿಗ್ಗುತ್ತದೆ, ಹಿಗ್ಗಿದ ಕೋಣೆ ಅದುರತೊಡಗುತ್ತದೆ. ಅದುರಿದರೆ ಕೆಳಕೋಣೆ ಸರಿಯಾಗಿ ತುಂಬದು, ಬಡಿತವೂ ಓಡುತ್ತದೆ. ವಾರಗಟ್ಟಲೆ ಹಾಗೇ ಓಡಿದರೆ ಸ್ನಾಯು ಸೋಲುತ್ತದೆ.

ಜಯನಗರದಿಂದ:
ಮೃದಂಗದವನಾಗಿ ಒಂದು ಮಾತು. 'ತಾಳ ತಪ್ಪಿದೆ' ಅಂತ ಮಾತ್ರ ಹಾಕಬೇಡಿ. ತಪ್ಪುವುದಕ್ಕೆ ಮೊದಲು ತಾಳ ಇರಬೇಕು. ಈ ಕಾಯಿಲೆಯಲ್ಲಿ ಬಡಿತದಿಂದ ಬಡಿತಕ್ಕೆ ಅಂತರ ಒಂದೇ ಸಮ ಇರುವುದೇ ಇಲ್ಲ.

ಮಲ್ಲೇಶ್ವರದಿಂದ:
ವೀಕು, ಪಂಪಿಂಗು! ಇಂಗ್ಲಿಷಿಗೆ ಮಣೆ, ಸಂಸ್ಕೃತಕ್ಕೆ ಮಾತ್ರ ಕದ.

ಬನ್ನೇರುಘಟ್ಟ ರಸ್ತೆಯಿಂದ:
ಪಂಪ್‌ಸೆಟ್ಟಿಗೆ ಮಂಡ್ಯದ ರೈತ ಏನಂತಾನೆ ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಬಸವನಗುಡಿಯಿಂದ:
'ಹೃದಯ ದುರ್ಬಲವಾದರೆ ಬಡಿತ ಏರುಪೇರಾಗಬಹುದು; ಬಡಿತ ಏರುಪೇರಾದರೆ ಹೃದಯ ದುರ್ಬಲವಾಗಬಹುದು.' ಕೆಳಗೆ ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು, ಎದೆ ಡವಡವ. ಡಾಕ್ಟರು ಒಪ್ಪಿದರು, ಪ್ರೆಸ್ಸಿಗೆ ಹೋಯಿತು.

ವಿಜಯನಗರದಿಂದ:
ದುರ್ಬಲವೂ ಸಂಸ್ಕ್ರುತವೇ.