ಕೊರಗರ ಮನೆಯ ನಕ್ಷೆಯಲ್ಲಿ ಜಗಲಿಗೆ ಜಾಗವಿಲ್ಲವೇ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಶಿಕ್ಷಕ):
ನಮ್ಮ ಊರಿನ ಕೊರಗ ಕುಟುಂಬಗಳಿಗೆ ಕಟ್ಟಿಸಿಕೊಟ್ಟ ಮನೆಗಳಿಗೆ ಜಗಲಿಯೇ ಇಲ್ಲದ ಕಾರಣ, ಕಾಡಿನಿಂದ ತಂದ ಬೀಳನ್ನು (ಬಳ್ಳಿಯನ್ನು) ಸೀಳಿ ಬುಟ್ಟಿ ಹೆಣೆಯುವ ಹೆಂಗಸರು ಮಳೆಗಾಲದಲ್ಲಿ ಒಲೆಯ ಹೊಗೆ ತುಂಬಿದ ಒಳಕೋಣೆಯಲ್ಲೇ ಕೂರಬೇಕಾಗಿದೆ. ಮೊನ್ನೆ ಹೋದಾಗ ಅಜ್ಜಿಯೊಬ್ಬರು ಕೆಮ್ಮುತ್ತಲೇ ಬುಟ್ಟಿಯ ಅಂಚು ಕಟ್ಟುತ್ತಿದ್ದರು. ಮುಂದೆ ಕಟ್ಟುವ ಮನೆಗಳ ನಕ್ಷೆ ಸಿದ್ಧವಾಗುವ ಮೊದಲೇ ಇವರ ಮಾತು ತಲುಪುವ ದಾರಿ ಯಾವುದು?

ಉತ್ತರ 1:
ಮಾಷ್ಟ್ರೇ, ಊರುಕೂಟದ (ಬುಡಕಟ್ಟು ಊರಿನವರೇ ಸೇರುವ ಕೂಟದ) ಸಭೆಯಲ್ಲಿ ವಿಷಯವನ್ನಿಟ್ಟು ನಡಾವಳಿಯಲ್ಲಿ ಬರೆಸಿರಿ. ಬಾಯಿಮಾತು ಕಡತಕ್ಕೆ ಏರುವುದಿಲ್ಲ. ಕೇರಳದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲಾದ 5 ಸಮುದಾಯಗಳಲ್ಲಿ ಕೊರಗರೂ ಇರುವುದರಿಂದ, 2023ರ ನವೆಂಬರ್ 15ರಂದು ಆರಂಭವಾದ, ಇಂಥ ಬುಡಕಟ್ಟುಗಳಿಗಾಗಿಯೇ ಇರುವ ಕೇಂದ್ರ ಸರಕಾರದ ಪಿ.ಎಂ. ಜನಮನ್ ಯೋಜನೆಯ ವ್ಯಾಪ್ತಿಗೆ ಅವರು ಬರುತ್ತಾರೆ. ಅದರಲ್ಲಿ ಪಕ್ಕಾ ಮನೆ, ಕುಡಿಯುವ ನೀರು, ಸಂಚಾರಿ ವೈದ್ಯಕೀಯ ಘಟಕ ಎಲ್ಲವೂ ಸೇರಿವೆ.

ಉತ್ತರ 2:
ಮನೆ ಒಂದು ಇಲಾಖೆಗೆ, ಕೆಮ್ಮು ಇನ್ನೊಂದಕ್ಕೆ ಎಂದು ಹಂಚಿಹೋಗಿರುವುದೇ ತೊಂದರೆ. ಸಭೆಗೆ ಆರೋಗ್ಯ ಕಾರ್ಯಕರ್ತೆಯನ್ನೂ ಕರೆಯಿರಿ. ಪರಿಶಿಷ್ಟರ ವಸತಿಗಳನ್ನು ಕರೆಯುತ್ತಿದ್ದ ‘ಕಾಲನಿ’ ಎಂಬ ಹೆಸರನ್ನು ಕೇರಳ ಸರಕಾರ 2024ರಲ್ಲಿ ಕೈಬಿಟ್ಟಿತು, ಸಂತೋಷವೇ. ಆದರೆ ಫಲಕ ಬದಲಾದ ಮಾತ್ರಕ್ಕೆ ಹೊಗೆ ಹೊರಗೆ ಹೋಗದು.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ಜಗಲಿಯ ಅಳತೆಯನ್ನು ಆ ಅಜ್ಜಿಯಿಂದಲೇ ಕೇಳಿ ಬರೆಸುತ್ತೇನೆ.