ರಿಟೈರ್ ಆಗ್ತಿದೀನಿ, ನೆನಪೇ ಇಲ್ಲ ಅನ್ನೋರಿಗೆ ಥ್ಯಾಂಕ್ಸ್ ಹೇಳೋದು ಹೇಗೆ?

ಬಲ್ಲಾರ್ಡ್_ಗುಮಾಸ್ತ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ. ಬರೋ ತಿಂಗಳು 31ಕ್ಕೆ ನನ್ನ ರಿಟೈರ್‌ಮೆಂಟ್. 1980ರಲ್ಲಿ ಕುಂದಾಪುರ ಕಡೆಯಿಂದ ಬಸ್ಸಲ್ಲಿ ಬೊಂಬಾಯಿಗೆ ಬಂದಾಗ ನಂಗೆ 14 ವರ್ಷ. ಪರೇಲ್‌ನಲ್ಲಿ ಒಂದು ಉಡುಪಿ ಹೋಟ್ಲು, ಟೇಬಲ್ ಒರೆಸೋ ಕೆಲ್ಸ, ಸಂಜೆ ರಾತ್ರಿ ಶಾಲೆ, ಎಸ್ಸೆಸ್ಸಿ (ಅಂದ್ರೆ ಹತ್ತನೇ ಕ್ಲಾಸ್) ಆದ್ಮೇಲೆ ಬಲ್ಲಾರ್ಡ್ ಎಸ್ಟೇಟ್‌ನ ಶಿಪ್ಪಿಂಗ್ ಆಫೀಸಲ್ಲಿ ಪ್ಯೂನ್, ಅಲ್ಲಿಂದ ಅಕೌಂಟ್ಸ್. 45 ವರ್ಷ ಆಯ್ತು. ಕಂಪನಿಯವ್ರು ಗ್ರಾಚ್ಯುಟಿ, ಅಂದ್ರೆ ಕೆಲ್ಸ ಬಿಡುವಾಗ ಕೊಡೋ ಇಡಿಗಂಟಿನ ಲೆಕ್ಕ ಕೊಟ್ಟಿದಾರೆ, ಕೊನೆ ಬೇಸಿಕ್ಕು ಡಿಎ ಕೂಡಿಸಿ 26ರಿಂದ ಭಾಗಿಸಿ 15ರಿಂದ ಗುಣಿಸಿ ಮತ್ತೆ ವರ್ಷದಿಂದ ಗುಣಿಸೋದು, ಎಷ್ಟೋ ಜನರಿಗೆ ನಾನೇ ಹಾಕಿ ಕೊಟ್ಟ ಲೆಕ್ಕ ಅದು, ಆದ್ರೂ ನನ್ನದು ಬಂದಾಗ ಎರಡು ಸಲ ಚೆಕ್ ಮಾಡ್ದೆ.

ವಿಷಯ ಅದಲ್ಲ. ಮಕ್ಕಳು ಥಾಣೆಯಲ್ಲಿ ಹಾಲ್ ಬುಕ್ ಮಾಡ್ತೀವಿ, ಶಾಲು ಹಾರ ಎಲ್ಲ ಇರ್ಲಿ ಅಂತಿದಾರೆ. ನಂಗೆ ಆ ಕುರ್ಚಿ ಮೇಲೆ ಕೂರೋಕೆ ಮುಜುಗರ, ಯಾಕಂದ್ರೆ ಅಲ್ಲಿ ಕೂರ್ಬೇಕಾದವರು ಇಬ್ರು ಬೇರೆ ಇದಾರೆ.

ಒಬ್ರು ನಮ್ಮ ಹೋಟ್ಲಿನ ಭಟ್ರು. ಚಾಳಲ್ಲಿ, ಅಂದ್ರೆ ಸಾಲು ಖೋಲಿಗಳ ಬಿಲ್ಡಿಂಗಲ್ಲಿ, ನಮ್ಮದು ಒಂದೇ ಖೋಲಿ (ಕೋಣೆ), ಒಂಬತ್ತು ಜನ. ರಾತ್ರಿ ಹನ್ನೊಂದಕ್ಕೆ ಲೈಟ್ ಆಫ್ ಆಗ್ಬೇಕು, ಯಾಕಂದ್ರೆ ಭಟ್ರು ನಾಲ್ಕಕ್ಕೆ ಎದ್ದು ಇಡ್ಲಿ ಬೇಯೋಕೆ ಇಡ್ಬೇಕು. 1985ರ ಮಾರ್ಚಲ್ಲಿ ನನ್ನ ಎಸ್ಸೆಸ್ಸಿ ಪರೀಕ್ಷೆ. ಡಿಸೆಂಬರಿಂದ ಅವ್ರು ಚಾಪೆ ಎತ್ಕೊಂಡು ಹೊರಗೆ ಗ್ಯಾಲರೀಲಿ ಮಲಗೋಕೆ ಶುರು ಮಾಡಿದ್ರು. ಕೇಳಿದ್ರೆ 'ಒಳ್ಗ್ ಸೆಕಿ ಮರಾಯಾ' ಅನ್ನೋರು. ಉಳಿದವ್ರು ಗೊಣಗಿದ್ರೆ 'ನಂಗೇ ತೊಂದ್ರೆ ಇಲ್ಲ, ನಿಮಗೆಂತದು' ಅಂತ ಬಾಯಿ ಮುಚ್ಚಿಸೋರು. ಮೂರು ತಿಂಗಳು ಬಲ್ಬ್ ಉರೀತು. ನಾನೂ ಪೆದ್ದ, ಸೆಕೆ ಅಂದ್ರೆ ಸೆಕೆ ಅಂತ ನಂಬಿದ್ದೆ. ಎಷ್ಟೋ ವರ್ಷ ಆದ್ಮೇಲೆ ಒಂದು ಜನವರಿ ರಾತ್ರಿ ನನ್ನ ಮಗಳಿಗೆ ಶಾಲು ಹೊದಿಸ್ತಾ ಇರುವಾಗ ತಲೆಗೆ ಹೊಳೀತು, ಜನವರಿಲಿ ಎಲ್ಲಿಯ ಸೆಕೆ ಅಂತ.

ಇನ್ನೊಬ್ರು ಸೊಲ್ಲಾಪುರ ಕಡೆಯವ್ರು, ಬಟ್ಟೆ ಗಿರಣಿಯಲ್ಲಿ ಬದ್ಲಿ ಕೆಲ್ಸ (ಯಾರಾದ್ರೂ ರಜೆ ಹಾಕಿದ್ರೆ ಅವ್ರ ಬದ್ಲು ದುಡಿಯೋದು), ನಮ್ಮ ಹೋಟ್ಲಿಗೆ ಚಹಾಕ್ಕೆ ಬರೋರು. 1982ರ ಜನವರಿ 18ಕ್ಕೆ ಯೂನಿಯನ್ ಲೀಡರ್ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯ್ತಲ್ಲ, ಸುಮಾರು ಎರಡೂವರೆ ಲಕ್ಷ ಜನ ಮನೇಲಿ ಕೂತ್ರು, ನಮ್ಮ ಗಲ್ಲಾ ಪೆಟ್ಟಿಗೆ ಕೂಡ ಖಾಲಿ ಹೊಡೀತಿತ್ತು. ಆಗ ಇವ್ರು ಒಂದು ಕಟಿಂಗ್ (ಅರ್ಧ ಗ್ಲಾಸ್ ಚಹಾ) ಇಟ್ಕೊಂಡು ಮಧ್ಯಾಹ್ನ ಎರಡು ಗಂಟೆ ಹೊತ್ತು ನಂಗೆ ಮರಾಠಿ ಹೇಳಿಕೊಟ್ರು. 'ಕೆಲ್ಸ ಇಲ್ಲ, ನಿನಗಾದ್ರೂ ಉಪಯೋಗ ಆಗ್ಲಿ' ಅಂತ. ಮುಂದಿನ ವರ್ಷ ಯಾವಾಗ್ಲೋ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಊರಿಗೆ ಹೋದ್ರು, ವಿಳಾಸ ಕೇಳ್ಬೇಕು ಅಂತ ನಂಗೆ ಬುದ್ಧಿ ಬರ್ಲಿಲ್ಲ.

ಭಟ್ರು ಊರಲ್ಲೇ ಇದಾರೆ, ವಯಸ್ಸು 80ರ ಹತ್ರ. ಮೊನ್ನೆ ಫೋನ್ ಮಾಡಿ ಬಲ್ಬಿನ ಕಥೆ ತೆಗೆದ್ರೆ 'ಎಂತ ಬಲ್ಪ್ ಮರಾಯಾ, ನಂಗ್ ಎಂತದೂ ನೆನ್ಪಿಲ್ಲ' ಅಂದ್ರು. ನಾನು 40 ವರ್ಷ ಹೊತ್ಕೊಂಡು ತಿರುಗಿದ್ದು ಅವ್ರಿಗೆ ಲೆಕ್ಕಕ್ಕೇ ಇಲ್ಲ.

ಈಗ ಪ್ರಶ್ನೆ. ನಿಮ್ಮಲ್ಲಿ ಯಾರಾದ್ರೂ ಇಂಥ ಋಣ ಹೇಗೆ ತೀರ್ಸಿದ್ರಿ? ದುಡ್ಡು ಕೊಡೋದಾ? ಮತ್ತೆ ರಿಟೈರ್ ಆದ್ಮೇಲೆ ಏನಾದ್ರೂ ಸೇವೆ ಅಂತ ಮಾಡ್ಬೇಕು ಅಂತಿದೆ, ಆದ್ರೆ ಸಂಘದ ಕಮಿಟಿ, ಚುನಾವಣೆ, ಬ್ಯಾನರಲ್ಲಿ ಫೋಟೋ ಇದೆಲ್ಲ ಬೇಡ.

ಮುಲುಂಡ್_ಅಕ್ಕ:

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಮೊದ್ಲು ಭಟ್ರ ಹತ್ರ ಹೋಗಿ, ಫೋನಲ್ಲಿ ಬೇಡ. ಹೋದ್ಮೇಲೆ ಬಲ್ಬಿನ ಸುದ್ದಿ ತೆಗೀಬೇಡಿ, ನೆನಪಿಲ್ಲ ಅಂದವರಿಗೆ ಮತ್ತೆ ಮತ್ತೆ ನೆನಪು ಮಾಡಿದ್ರೆ ಪರೀಕ್ಷೆ ತಗೊಂಡ ಹಾಗಾಗುತ್ತೆ.

ನಮ್ಮ ಮಾವನವರ ವಿಷ್ಯ ಹೇಳ್ತೀನಿ. ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ರು. ಹಳೇ ಸ್ಟೂಡೆಂಟ್ಸ್ ಬಂದು ಬಂದು ಶಾಲು ಹೊದಿಸಿ ಒಂದು ಕಪಾಟು ತುಂಬಾ ಶಾಲು ಆಗಿತ್ತು, ಮುಂಬಯಿ ಸೆಕೇಲಿ ಯಾರು ಹೊದೀತಾರೆ ಹೇಳಿ. ಆದ್ರೆ ಒಬ್ಬ ಹುಡುಗ, ಕಲಿಯೋದ್ರಲ್ಲಿ ಸುಮಾರೇ ಅಂತೆ, ಪ್ರತಿ ನವೆಂಬರಲ್ಲಿ ಬಂದು ಅವ್ರನ್ನ ಬ್ಯಾಂಕಿಗೆ ಕರ್ಕೊಂಡು ಹೋಗಿ ಪೆನ್ಶನ್ನಿಗೆ ಬೇಕಾದ ಲೈಫ್ ಸರ್ಟಿಫಿಕೇಟ್ (ಬದುಕಿದಾರೆ ಅನ್ನೋ ದಾಖಲೆ) ಮಾಡಿಸಿ, ಬರ್ತಾ ಒಂದು ಮಸಾಲೆ ದೋಸೆ ತಿನ್ಸಿ ಮನೆಗೆ ಬಿಡ್ತಿದ್ದ. ಬೆರಳು ಸವೆದು ಮೆಷಿನಲ್ಲಿ ಅಚ್ಚು ಬರಲ್ಲ, ನಾಲ್ಕು ಸಲ ಒತ್ತಿಸ್ಬೇಕು, ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿರ್ತಿದ್ದ. ಮಾವ ಹೋಗೋ ಮುಂಚೆ ಹೆಸರು ಹಿಡಿದು ಕೇಳಿದ್ದು ಅವನೊಬ್ಬನನ್ನೇ.

ದುಡ್ಡಿನ ವಿಷ್ಯ. ಕೊಡ್ಬೇಡಿ ಅನ್ನಲ್ಲ, ಹೋಟ್ಲಲ್ಲಿ ದುಡಿದವರಿಗೆ ಆಗ ಪಿಎಫ್ಫಾ ಪೆನ್ಶನ್ನಾ, ಏನಿರುತ್ತೆ. ಆದ್ರೆ ಕವರಲ್ಲಿ ಹಾಕಿ ಕೈಗೆ ಕೊಟ್ರೆ ಬಾಕಿ ಚುಕ್ತಾ ಮಾಡಿದ ಹಾಗಿರುತ್ತೆ. ಮನೇಲಿ ಕಣ್ಣಾಡಿಸಿ, ಕಿವಿ ಮೆಷಿನ್ ಬೇಕಾ, ಕನ್ನಡಕ ಸರಿ ಇದೆಯಾ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಇದೆಯಾ. ಅದನ್ನ ಸೊಸೆ ಹತ್ರ ಮಾತಾಡಿ ಮಾಡ್ಸಿ, ಅವ್ರ ಹತ್ರ ಅಲ್ಲ.

ಪಿಂಪ್ರಿ_ಫಿಟ್ಟರ್:

ಗುಮಾಸ್ತರ, ನಮಸ್ಕಾರ್ರೀ. ನಾ ವಿಜಾಪುರದಾಂವ, ಪಿಂಪ್ರಿ ಚಿಂಚವಾಡದಾಗ ಒಂದು ಕಂಪನಿಯೊಳಗ 31 ವರ್ಸ ಫಿಟ್ಟರ್ ಇದ್ನಿ. ನಿಮ್ಮ ಸೊಲ್ಲಾಪುರದ ಮಾಸ್ತರರ ಕಥಿ ಓದಿ ನನಗ ಸುಮ್ನ ಕೂಡಾಕ ಆಗ್ಲಿಲ್ಲ. ಅಂಥಾ ಮನಷ್ಯಾನ್ನ ಈಗ ಎಲ್ಲಿ ಹುಡಕ್ತೀರಿ, ಸಿಗೂದಿಲ್ರಿ. ಆದ್ರ ಅಂವ ಯಾಂವ ಇದ್ದ? ಕೆಲಸ ಕಳಕೊಂಡಾಂವ, ಕೈಯಾಗ ಒಂದೇ ಕಟಿಂಗ್ ಚಹಾ. ಅಂಥವ್ರು ಇವತ್ತೂ ಅದಾರಲ್ರಿ.

ನಾ ಏನ್ ಮಾಡ್ತೀನಿ ಹೇಳ್ತೀನಿ, ಸೇವಾ ಅಂತ ಮಾತ್ರ ಅನಬ್ಯಾಡ್ರಿ, ಟೈಮ್ ಪಾಸ್ ಅನ್ರಿ. ವಾಕಡ ಕಡೆ ಬಿಲ್ಡಿಂಗ್ ಕೆಲಸಕ್ಕ ಯಾದಗಿರಿ, ಕಲಬುರ್ಗಿ, ನಮ್ಮ ವಿಜಾಪುರದ ಮಂದಿ ಭಾಳ. ತಗಡಿನ ಶೆಡ್ಡಿನಾಗ ಇರ್ತಾರ. ರವಿವಾರ ಅಲ್ಲಿ ಹೋಗಿ ಕೂತು ಫಾರಂ ತುಂಬತೀನಿ. ಕಟ್ಟಡ ಕಾರ್ಮಿಕರ ಮಂಡಳಿ ಐತಲ್ರಿ, 1996ರ ಕಾಯ್ದೇದಿಂದ ಸುರು ಆಗಿದ್ದು, ಅದರಾಗ ಹೆಸರ ಹಚ್ಚಾಕ ವಯಸ್ಸು 18ರಿಂದ 60 ಇರಬೇಕು, ಹಿಂದಿನ ಒಂದು ವರ್ಸದಾಗ 90 ದಿವಸ ದುಡದಿದ್ದು ತೋರಸ್ಬೇಕು. ದುಡದಿರ್ತಾರ, 90 ಯಾಕ 300 ದಿವಸ ದುಡದಿರ್ತಾರ, ಆದ್ರ ಕಾಗದದ ಮ್ಯಾಲ ಸಹಿ ಮಾಡೂದು ಗುತ್ತೇದಾರ, ಅಂವ ಫೋನೇ ಎತ್ತೂದಿಲ್ಲ. ನಾ ಹೋಗಿ ಅವನ ಆಫೀಸ್ ಮುಂದ ಕುರ್ಚಿ ಹಾಕ್ಕೊಂಡ ಕೂಡತೀನಿ. ರಿಟೈರ್ ಆದಾಂವಗ ಏನು ಅವಸರ? ಸಂಜೀತನಕ ಕೂಡತೀನಿ. ಅಂವ ಬ್ಯಾಸತ್ತು ಸಹಿ ಮಾಡ್ತಾನ.

ನಿಮಗ ಅಕೌಂಟ್ಸ್ ಬರ್ತೈತಿ, ಮರಾಠಿ ಬರ್ತೈತಿ, ಕನ್ನಡ ಬರ್ತೈತಿ. ಇದಕ್ಕಿಂತ ಹೆಚ್ಚಿಗಿ ಏನ ಬೇಕ್ರಿ.

ವಾಸ್ಕೋದವ:

ಎಲ್ರೂ ಹಾಲ್ ಬೇಡ ಅಂತ ಹೇಳೋ ಮೊದ್ಲು ಒಂದು ಮಾತು. ಹಾಲ್ ನಿಮಗಲ್ಲ ಸರ್, ಮಕ್ಕಳಿಗೆ. ನಾನು ಬಂದರಿನ ಕೆಲ್ಸದಿಂದ ರಿಟೈರ್ ಆದಾಗ ಬೇಡ ಬೇಡ ಅಂತ ಹಠ ಮಾಡಿ ಫಂಕ್ಷನ್ ಕ್ಯಾನ್ಸಲ್ ಮಾಡಿಸ್ದೆ, ಮಗಳು ಇವತ್ತಿಗೂ ಹೇಳ್ತಾಳೆ. ಕೂತ್ಕೊಳ್ಳಿ, ಹಾರ ಹಾಕಿಸ್ಕೊಳ್ಳಿ, ಅರ್ಧ ಗಂಟೇಲಿ ಮುಗಿಯುತ್ತೆ. ಭಾಷಣ ಕಟ್ ಮಾಡಿ ಊಟ ಜೋರಾಗಿ ಹಾಕ್ಸಿ. ಹಳೇ ಖೋಲಿಯ ಒಂಬತ್ತು ಜನರಲ್ಲಿ ಸಿಕ್ಕವರನ್ನೆಲ್ಲ ಮುಂದಿನ ಸಾಲಲ್ಲಿ ಕೂರಿಸಿ, ಅಷ್ಟೇ.

ಎಂಟು_ಹನ್ನೆರಡರ_ಲೋಕಲ್:

ನಾನು ಡೊಂಬಿವಲಿ. ನೀವು ಪರೇಲ್ ಅಂದಿದ್ದಕ್ಕೇ ಬರೀತಿದೀನಿ. ನಾನೂ ವಾರಕ್ಕೆ ಎರಡು ದಿನ ಪರೇಲಿಗೆ ಹೋಗ್ತೀನಿ, ಟಾಟಾ ಆಸ್ಪತ್ರೆಗೆ. ಯಾವ ಸಂಸ್ಥೆಯಿಂದಲೂ ಅಲ್ಲ, ಊರಿನವರು ಫೋನ್ ಮಾಡ್ತಾರೆ, ಇಂಥವರು ಬರ್ತಿದಾರೆ ಸ್ವಲ್ಪ ನೋಡ್ಕೊಳ್ಳಿ ಅಂತ. 1941ರ ಆಸ್ಪತ್ರೆ ಅದು, ದೇಶದ ಮೂಲೆ ಮೂಲೆಯಿಂದ ಕ್ಯಾನ್ಸರ್ ಪೇಷಂಟ್ಸ್ ಬರ್ತಾರೆ, ನಮ್ಮ ಉಡುಪಿ, ಶಿವಮೊಗ್ಗ, ಬೆಳಗಾವಿಯವರೂ. ಕನ್ನಡ ಬಿಟ್ಟು ಬೇರೆ ಭಾಷೆ ಬರದ ಹೆಂಗಸು ಗಂಡನ್ನ ವೀಲ್‌ಚೇರಲ್ಲಿ ಕೂರಿಸ್ಕೊಂಡು ಫೈಲ್ ಎದೆಗವಚಿಕೊಂಡು ನಿಂತಿರ್ತಾಳೆ. ಅವಳಿಗೆ ಹೋಮಿ ಭಾಭಾ ಬ್ಲಾಕ್ ಯಾವುದು, ಗೋಲ್ಡನ್ ಜುಬಿಲಿ ಬ್ಲಾಕ್ ಯಾವುದು, ಜನರಲ್ ಫೈಲಿಗೂ ಪ್ರೈವೇಟ್ ಫೈಲಿಗೂ ಏನು ವ್ಯತ್ಯಾಸ, ಹೇಗೆ ಗೊತ್ತಾಗ್ಬೇಕು. ಡಾಕ್ಟ್ರು ಹಿಂದಿಲಿ ಹೇಳ್ತಾರೆ, ಅವಳು ಹೂಂ ಹೂಂ ಅಂತಾಳೆ, ಹೊರಗೆ ಬಂದು ನನ್ನ ಮುಖ ನೋಡ್ತಾಳೆ.

ಉಳ್ಕೊಳ್ಳೋಕೆ ದಾದರಲ್ಲಿ ಗಾಡಗೆ ಮಹಾರಾಜ ಧರ್ಮಶಾಲೆ ಇದೆ, ಜಾಗ ಸಿಕ್ಕಿದ್ರೆ ಪುಣ್ಯ, ಸಿಗದಿದ್ರೆ ಫುಟ್‌ಪಾತೇ. ಅದನ್ನ ಮೊದ್ಲ ದಿನ ನೋಡಿ ನಂಗೆ ಊಟ ಸೇರಿರ್ಲಿಲ್ಲ.

ಅನುಭವದಿಂದ ಹೇಳೋದು, ಹುಮ್ಮಸ್ಸಲ್ಲಿ ದಿನಾ ಬರ್ತೀನಿ ಅಂತ ಶುರು ಮಾಡ್ಬೇಡಿ. ಹಾಗೆ ಬಂದವರು ಮೂರನೇ ವಾರಕ್ಕೆ ನಾಪತ್ತೆ. ಎರಡೇ ದಿನ, ಆದ್ರೆ ಆ ಎರಡು ದಿನ ಮಳೆ ಬಂದ್ರೂ ಹೋಗ್ಬೇಕು. ಪೇಷಂಟ್ ದುಡ್ಡು ಕೈಯಲ್ಲಿ ಮುಟ್ಬೇಡಿ, ಕೌಂಟರಿಗೆ ಅವ್ರೇ ಕಟ್ಟಲಿ. ಔಷಧಿ ವಿಷ್ಯದಲ್ಲಿ ಬಾಯಿ ಹಾಕ್ಬೇಡಿ, ನಮ್ಮ ಊರಲ್ಲಿ ಒಂದು ಬೇರು ಇದೆ ಅಂತ ಹೇಳೋರು ಆಗ್ಲೇ ಸಾಕಷ್ಟು ಜನ ಇದಾರೆ. ರಕ್ತ ಕೊಡೋ ಹಾಗಿದ್ರೆ ಕೊಡಿ, 65ರ ತನಕ ತಗೋತಾರೆ, ಗಂಡಸರಿಗೆ ಮೂರು ತಿಂಗಳ ಗ್ಯಾಪ್ ಇರ್ಬೇಕು.

ಬಲ್ಲಾರ್ಡ್_ಗುಮಾಸ್ತ:

ಏಳು ವಾರ ಆಯ್ತು, ಉತ್ತರ ಬರೀಲಿಲ್ಲ ಅಂತ ಬೇಜಾರಾಗ್ಬೇಡಿ. ವಾಸ್ಕೋದವ್ರ ಮಾತು ಕೇಳಿ ಹಾಲಿಗೆ ಹೂಂ ಅಂದೆ. ಒಂಬತ್ತರಲ್ಲಿ ಮೂರು ಜನ ಸಿಕ್ಕಿದ್ರು, ಒಬ್ಬ ಭಿವಂಡಿಯಲ್ಲಿ ಸ್ವಂತ ಹೋಟ್ಲು ಮಾಡಿದಾನೆ, ನನ್ನ ನೋಡಿದ ತಕ್ಷಣ 'ನಿನ್ನ ಓದಿನ ದೆಸೆಯಿಂದ ನಾವ್ಯಾರೂ ನಿದ್ದೆ ಮಾಡ್ಲಿಲ್ಲ ಮಾರಾಯ' ಅಂತ ಬೈದ. ಬೈಸಿಕೊಂಡಿದ್ದು ಹಾರಕ್ಕಿಂತ ಚೆನ್ನಾಗಿತ್ತು.

ಆಮೇಲೆ ಮತ್ಸ್ಯಗಂಧ ರೈಲು ಹಿಡಿದು ಊರಿಗೆ ಹೋದೆ. ಭಟ್ರು ಊರಿಗೆ ವಾಪಸ್ ಹೋಗೋ ಹೊತ್ತಿಗೆ ಕೊಂಕಣ ರೈಲು ಇನ್ನೂ ಆಗಿರ್ಲಿಲ್ಲ, ಅದು ಬಂದಿದ್ದು 1998ರಲ್ಲಿ, ಅವ್ರ ಸಾಮಾನೆಲ್ಲ ನಾನೇ ಬಸ್ಸಿನ ಮೇಲೆ ಹಾಕಿದ್ದು, ಅದಾದ್ಮೇಲೆ ಮನೆಗೆ ಹೋಗಿದ್ದು ಎರಡೇ ಸಲ. ನಾಚಿಕೆ ಆಗ್ಬೇಕು ನಂಗೆ. ಅಕ್ಕ ಹೇಳಿದ ಹಾಗೆ ಬಲ್ಬಿನ ಸುದ್ದಿ ತೆಗೀಲಿಲ್ಲ. ಸಾಂಬಾರಿನ ಬಗ್ಗೆ ಮಾತಾಡಿದ್ವಿ, ಮುಂಬಯಿಯವ್ರು ಸಾಂಬಾರಿಗೆ ಸಕ್ರಿ ಹಾಕಿ ಕೆಡಿಸಿದ್ರು ಅಂತ ಒಂದು ಗಂಟೆ. ಬೆಳ್ತಿಗೆ ಅಕ್ಕಿ ನೆನೆಸೋ ಹೊತ್ತು, ಉದ್ದಿನ ಬೇಳೆ ರುಬ್ಬಿದ್ದು ಬೆರಳಿಗೆ ಹೇಗೆ ತಾಗ್ಬೇಕು ಎಲ್ಲ ನೆನಪಿದೆ ಅವ್ರಿಗೆ. ಕಿವಿ ಮೆಷಿನ್ ಸೊಸೆ ಜೊತೆ ಮಾತಾಡಿ ಬಂದಿದೀನಿ, ಮುಂದಿನ ವಾರ ಉಡುಪಿಯಲ್ಲಿ ಟೆಸ್ಟ್. ರಾತ್ರಿ ಅವ್ರ ಕೋಣೆಯಲ್ಲಿ ನಂಗೆ ಹಾಸಿದ್ರು, ಅವ್ರು ಚಾಪೆ ಎತ್ಕೊಂಡು ಜಗಲಿಗೆ ಹೋದ್ರು. ಯಾಕೆ ಅಂದ್ರೆ 'ಫ್ಯಾನಿನ್ ಗಾಳಿ ಆತಿಲ್ಲೆ ನಂಗೆ' ಅಂದ್ರು. ನಾನು ಏನೂ ಹೇಳ್ಲಿಲ್ಲ, ಫ್ಯಾನ್ ಆಫ್ ಮಾಡಿ ಮಲಗ್ದೆ.

ಫಿಟ್ಟರ್ ಸಾಹೇಬ್ರೇ, ನಿಮ್ಮ ಕುರ್ಚಿ ಟೆಕ್ನಿಕ್ಕು ನಮ್ಮ ಸೊಸೈಟಿ ಸೆಕ್ರೆಟರಿ ಮೇಲೆ ಆಗ್ಲೇ ಟ್ರೈ ಮಾಡಿದೆ, ಕೆಲ್ಸ ಆಯ್ತು.

ಡೊಂಬಿವಲಿಯವ್ರೇ, ನಾನು ಮಂಗಳವಾರ ಗುರುವಾರ ಅಂತ ಫಿಕ್ಸ್ ಮಾಡಿದೀನಿ. ಪರೇಲ್ ಸ್ಟೇಷನಿಂದ ನಡ್ಕೊಂಡೇ ಬರ್ತೀನಿ, ದಾರಿ ಗೊತ್ತು, ನಮ್ಮ ಹೋಟ್ಲು ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ ಅಷ್ಟೇ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಲಿ, ಯಾವ ಗೇಟ್ ಹತ್ರ ನಿಂತಿರ್ತೀರಿ?

ಎಂಟು_ಹನ್ನೆರಡರ_ಲೋಕಲ್:

ಏಳೂವರೆ. ಮೇನ್ ಬಿಲ್ಡಿಂಗ್ ಎದುರು ಚಹಾದವನ ಹತ್ರ. ತಿಂಡಿ ತಿಂದ್ಕೊಂಡೇ ಬನ್ನಿ, ಆಮೇಲೆ ಮಧ್ಯಾಹ್ನದ ತನಕ ಪುರುಸೊತ್ತು ಸಿಗಲ್ಲ.