ಅಗ್ಗದ ಟಿಕೆಟ್ಟಿಗೊಂದು ಕಾಯ್ದೆ

ಬಸ್ ಟಿಕೆಟ್ ದರ ಇನ್ನು ಯಾವತ್ತೂ ಏರಬಾರದು, ಅದಕ್ಕೆ ವಿಧಾನಸಭೆಯಲ್ಲಿ ಕಾಯ್ದೆಯನ್ನೇ ತರಬೇಕು ಅಂತ ಮೇಷ್ಟ್ರು ಹಟ ಹಿಡಿದರು. ತೀರ್ಥಹಳ್ಳಿಯ ಹೋಟೆಲಿನಲ್ಲಿ ಕೂತಿದ್ದೆವು. ಹೊರಗೆ ಮಳೆ. ವಾದ ಬೇಡ ಅಂತ ಎದ್ದು ಹೋಗಲು ಬಸ್ಸೂ ಇರಲಿಲ್ಲ.

"ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ನೋಡಿ. 2024ರ ಆಗಸ್ಟಿನಲ್ಲಿ ಎಷ್ಟು ದೂರ ಹೋದರೂ 50 ಸೆಂಟ್ ಅಂತ ಮಾಡಿದರು. ಬಸ್ಸು, ರೈಲು, ದೋಣಿ ಎಲ್ಲಕ್ಕೂ. ಆರು ತಿಂಗಳ ಪ್ರಯೋಗ ಅಂದಿದ್ದು, ಆಮೇಲೆ ಕಾಯಂ ಆಯ್ತು."

"ಕಾಯಂ ಅನ್ನೋದನ್ನ ಜಾಸ್ತಿ ನಂಬಬೇಡಿ," ಅಂದ ಬ್ಯಾಂಕಿನ ಶೆಟ್ಟಿ. "ಜರ್ಮನಿಯಲ್ಲಿ 2022ರ ಬೇಸಿಗೆಗೆ ತಿಂಗಳ ಟಿಕೆಟ್ 9 ಯೂರೋ. ಮೂರೇ ತಿಂಗಳು. ಮುಂದಿನ ವರ್ಷ ಹೊಸ ಟಿಕೆಟ್ ಬಂತು, 49. 2025ಕ್ಕೆ 58. 2026ಕ್ಕೆ 63."

"ಅದು ಅಡಿಕೆ ರೇಟಾಗಿದ್ದರೆ ಎಷ್ಟು ಚೆನ್ನಾಗಿತ್ತು ಮಾರಾಯ," ಅಂದರು ಗೌಡ್ರು.

"ಅದಕ್ಕೇ ಕಾಯ್ದೆ ಬೇಕು ಅನ್ನೋದು! ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅನ್ನೋ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತು. ಅದು ಸರ್ಕಾರದ ಆದೇಶ. ಇನ್ನೊಂದು ಆದೇಶ ಬಂದರೆ ಮುಗೀತು. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿಸುವಾಗ ನಿಮ್ಮನ್ನ ಯಾರಾದರೂ ಕೇಳಿದರಾ?"

"ನಮ್ಮ ಮನೇಲಿ ಅದರಿಂದ ಅನುಕೂಲವೇ ಆಯ್ತು," ಅಂದರು ಗೌಡ್ರು. "ಶಿವಮೊಗ್ಗದ ಕೆಲಸ ಎಲ್ಲಾ ಹೆಂಡತಿಯದ್ದೇ. ನಾನು ಹೋದರೆ ದಂಡದ ಖರ್ಚಂತೆ."

ಇಷ್ಟು ಹೊತ್ತು ಸುಮ್ಮನಿದ್ದ ಕಂಡಕ್ಟರ್ ಮಾವ ಲೋಟ ಕೆಳಗಿಟ್ಟರು. ಖಾಸಗಿ ಬಸ್ಸಿನಲ್ಲೇ ತಲೆಕೂದಲು ಬೆಳ್ಳಗಾದವರು. "ಕಾಯ್ದೆ ಮಾಡಿ, ಬೇಡ ಅನ್ನಲ್ಲ. ಯಾವ ಬಸ್ಸಿಗೆ?"

ಎಲ್ಲರೂ ಗಪ್‌ಚಿಪ್. ನಮ್ಮ ಒಳ ಊರುಗಳಿಗೆ ಓಡುವುದು ಹೆಚ್ಚಿನಂಶ ಖಾಸಗಿ ಬಸ್ಸೇ ಅಲ್ವಾ? ಅಲ್ಲಿ ಶಕ್ತಿ ನಡೆಯುವುದಿಲ್ಲ.

"ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಾ? 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ್ದು. ಕಾಡುದಾರಿಗೆಲ್ಲ ಬಸ್ ಬಿಟ್ಟರು. 2020ರಲ್ಲಿ ನಿಂತೇ ಹೋಯ್ತು. ಡೀಸೆಲ್ ದರ ಏರಬಾರದು ಅಂತ ಯಾರೂ ಕಾಯ್ದೆ ಮಾಡಲಿಲ್ಲ ನೋಡಿ."

ನನಗೆ ಮಾವನ ಮಾತೇ ಸರಿ ಅನ್ನಿಸಿತು. ಟಿಕೆಟ್ ದರ ಕಟ್ಟಿಹಾಕಬಹುದು. ಡೀಸೆಲ್, ಟೈರು, ಸಂಬಳ ಕಟ್ಟಿಹಾಕಲು ಸಿಗುವಂಥವಲ್ಲ. ನಡುವಿನ ದುಡ್ಡು ಯಾರಾದರೂ ತುಂಬಬೇಕು. ತುಂಬದಿದ್ದರೆ ಟಿಕೆಟ್ ಅಗ್ಗವಾಗಿಯೇ ಇರುತ್ತದೆ, ಸಂಜೆಯ ಕೊನೇ ಬಸ್ಸು ಮಾತ್ರ ಇರುವುದಿಲ್ಲ.

ಮೇಷ್ಟ್ರು ಸೋಲುವವರಲ್ಲ. ಹೋಟೆಲ್ ಬಿಲ್ಲಿನ ಹಿಂದೆ ಕಾಯ್ದೆ ಬರೆಯತೊಡಗಿದರು. ಒಂದು, ದರ ಏರಬಾರದು. ಎರಡು, ನಷ್ಟವನ್ನು ಸರ್ಕಾರ ತಿಂಗಳು ತಿಂಗಳು ಕೊಡಬೇಕು. ಖಾಸಗಿಯವರಿಗೂ. ಮೂರು, ಒಂದು ಟ್ರಿಪ್ಪೂ ಕಡಿಮೆ ಮಾಡಬಾರದು.

"ನಾಲ್ಕು, ಗಂಡಸರಿಗೆ ಸೀಟು," ಅಂದರು ಗೌಡ್ರು.

"ಸರ್ಕಾರಿ ಬಸ್ಸಲ್ಲಿ ಅದು ಈಗಲೇ ಇದೆ," ಅಂದ ಶೆಟ್ಟಿ. "ಅರ್ಧ ಸೀಟು ಗಂಡಸರಿಗೆ ಅಂತ ನಿಯಮ."

"ಇದೆ ಮಾರಾಯ. ಅದರಲ್ಲಿ ಕೂತ ಅಜ್ಜಿಗೆ ಏಳಿ ಅನ್ನೋಕೆ ನೀನು ಬರ್ತೀಯಾ?"